ಹರಾಜಿಗೆ ಎರಡು ಸಲ ಬಂದ ಹಡಗು

ಕೆನಡಾದ ಪೂರ್ವ ಕರಾವಳಿಯ ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ ಸ್ಪ್ರೆಡ್ ಈಗಲ್ ಅಂತ ಒಂದು ಹೆಂಡದಂಗಡಿ ಇತ್ತು. ರೆಕ್ಕೆ ಹರಡಿದ ಹದ್ದು ಅದರ ಬೋರ್ಡಿನ ಮೇಲಿನ ಚಿತ್ರ. ಊರವರ ಕಣ್ಣಿಗೆ ಅದು ಹದ್ದಿನ ಹಾಗೆ ಕಾಣಲಿಲ್ಲವೋ ಏನೋ, ‘ಸೀಳಿದ ಕಾಗೆ’ ಅಂತ ಅಡ್ಡಹೆಸರಿಟ್ಟಿದ್ದರು. 1811ರಲ್ಲಿ ಆ ಅಂಗಡಿಯಲ್ಲಿ ಒಂದು ಪುಟ್ಟ ಸ್ಕೂನರ್ ಹರಾಜಿಗೆ ಬಂತು. ಎರಡು ಹಾಯಿಕಂಬ, 53 ಅಡಿ ಉದ್ದ, 67 ಟನ್. ನಮ್ಮ ರಸ್ತೆಯ ಬಸ್ಸನ್ನು ಲೆಕ್ಕಕ್ಕೆ ಹಿಡಿದರೆ ಒಂದೂವರೆ ಬಸ್ಸಿನಷ್ಟು ಉದ್ದ. ಒಳಗೆ ಇಳಿದವರು ಮೂಗು ಮುಚ್ಚಿಕೊಂಡು ಮೇಲೆ ಬರುತ್ತಿದ್ದರಂತೆ.

ಎನೋಸ್ ಕಾಲಿನ್ಸ್ ಎಂಬ ವ್ಯಾಪಾರಿ ಮತ್ತು ಅವನ ಪಾಲುದಾರರು ಅದನ್ನು ಸುಮಾರು 420 ಪೌಂಡಿಗೆ ಕೊಂಡರು. ಎರಡೇ ವರ್ಷದ ಮೇಲೆ ಇದೇ ಊರಿನಲ್ಲಿ ಇದೇ ಹಡಗನ್ನು ಇದೇ ಕಾಲಿನ್ಸ್ ಇನ್ನೊಮ್ಮೆ ದುಡ್ಡು ಕೊಟ್ಟು ಕೊಂಡ. ನಡುವೆ ಅವನೇನೂ ಅದನ್ನು ಮಾರಿರಲಿಲ್ಲ. ತನ್ನದೇ ಹಡಗಿಗೆ ತಾನೇ ಎರಡನೇ ಸಲ ಯಾಕೆ ದುಡ್ಡು ಕೊಡಬೇಕಾಯಿತು ಎಂಬುದನ್ನು ಬಿಡಿಸುತ್ತಾ ಹೋದರೆ, ಆ ಕಾಲದ ಕಡಲ ಯುದ್ಧದಲ್ಲಿ ತೋಪಿಗಿಂತ ಕಾಗದ ಎಷ್ಟು ದೊಡ್ಡ ಆಯುಧವಾಗಿತ್ತು ಅನ್ನುವುದು ಗೊತ್ತಾಗುತ್ತದೆ. ‘ಲಿವರ್‌ಪೂಲ್ ಪ್ಯಾಕೆಟ್’ ಎಂಬ ಈ ಹಡಗಿನ ಕಥೆಯನ್ನು ಸಾಹಸಕಥೆಯಾಗಿ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನನಗೆ ಮಾತ್ರ ಇದು ಸೆಕೆಂಡ್ ಹ್ಯಾಂಡ್ ಲಾರಿಯೊಂದರ ಆರ್‌ಸಿ ಬುಕ್ ತಿರುವಿ ನೋಡಿದ ಹಾಗೆ ಕಾಣುತ್ತದೆ. ಗಾಡಿ ಅದೇ, ಎಂಜಿನ್ ಅದೇ. ಮಾಲೀಕರ ಹೆಸರಿನ ಕಾಲಂ ಮಾತ್ರ ಬದಲಾಗುತ್ತಾ ಹೋಗುತ್ತದೆ, ಪ್ರತಿ ಬದಲಾವಣೆಗೂ ಒಂದು ಮೊಹರು.

ಮೊದಲ ಹೆಸರು, ಮೊದಲ ಸೆರೆ

ಹಡಗು ಹುಟ್ಟಿದ್ದು ಅಮೆರಿಕದ ಬಾಲ್ಟಿಮೋರಿನಲ್ಲಿ. ಇಟ್ಟ ಹೆಸರು ಸೆವರ್ನ್. ಬಾಲ್ಟಿಮೋರಿನ ಬಡಗಿಗಳು ಆ ಕಾಲಕ್ಕೆ ಒಂದು ಬಗೆಯ ಹಡಗಿಗೆ ಹೆಸರುವಾಸಿ. ನೀರಿಗೆ ಅಂಟಿಕೊಂಡಂತೆ ತಗ್ಗಾದ ಮೈ, ಚೂಪಾದ ಮೂತಿ, ಹಿಂದಕ್ಕೆ ವಾಲಿದ ಕಂಬಗಳು. ಅಡ್ಡಪಟ್ಟಿಗೆ ಕಟ್ಟುವ ಚೌಕದ ಹಾಯಿಗಳ ಬದಲು ಹಡಗಿನ ಉದ್ದಕ್ಕೆ ಹೊಂದುವ ಹಾಯಿಗಳು. ಇದರಿಂದ ಎದುರುಗಾಳಿಯಲ್ಲೂ ಓರೆಯಾಗಿ ನುಸುಳಿ ಮುಂದೆ ಹೋಗಬಹುದಿತ್ತು. ದೊಡ್ಡ ಯುದ್ಧನೌಕೆಗೆ ಇದು ಸುಲಭದ ಕೆಲಸವಲ್ಲ. ಆದರೆ ಚೂಪು ಮೈಯ ಹಡಗಿನ ಹೊಟ್ಟೆಯಲ್ಲಿ ಜಾಗ ಕಡಿಮೆ. ಅಕ್ಕಿಯನ್ನೋ ಕಲ್ಲಿದ್ದಲನ್ನೋ ತುಂಬಿ ಲಾಭ ಮಾಡಲು ಇಂಥ ಹಡಗು ಪ್ರಯೋಜನವಿಲ್ಲ. ಕಡಿಮೆ ಜಾಗ, ಹೆಚ್ಚು ಬೆಲೆ, ಸಿಕ್ಕಿಬೀಳಬಾರದು ಎಂಬ ಆತುರ, ಈ ಮೂರೂ ಕೂಡಿದ ದಂಧೆಗೆ ಮಾತ್ರ ಲಾಯಕ್ಕು. ಕಳ್ಳಸಾಗಣೆ, ಯುದ್ಧಕಾಲದ ಬೇಟೆ, ಮನುಷ್ಯರ ಮಾರಾಟ.

ಸೆವರ್ನ್ ಬಿದ್ದದ್ದು ಮೂರನೆಯದಕ್ಕೆ. ಬ್ರಿಟನ್ 1807ರಲ್ಲಿ ತನ್ನ ಪ್ರಜೆಗಳಿಗೆ ಗುಲಾಮರ ವ್ಯಾಪಾರವನ್ನು ನಿಷೇಧಿಸಿತ್ತು, ಅಮೆರಿಕವೂ 1808ರಿಂದ ಗುಲಾಮರ ಆಮದನ್ನು ನಿಲ್ಲಿಸಿತ್ತು. ಗುಲಾಮರ ಹಡಗೊಂದಕ್ಕೆ ಸಹಾಯಕ್ಕಿದ್ದ ಈ ಸ್ಕೂನರನ್ನು 1811ರ ಆಗಸ್ಟಿನಲ್ಲಿ ಬ್ರಿಟಿಷ್ ನೌಕಾಪಡೆಯ ಟಾರ್ಟಾರಸ್ ಹಿಡಿದು ಹ್ಯಾಲಿಫ್ಯಾಕ್ಸಿಗೆ ತಂದಿತು. ಅಲ್ಲಿನ ವೈಸ್ ಅಡ್ಮಿರಾಲ್ಟಿ ಕೋರ್ಟ್, ಅಂದರೆ ಕಡಲ ವ್ಯಾಜ್ಯಗಳನ್ನು ನೋಡುವ ವಸಾಹತಿನ ನ್ಯಾಯಾಲಯ, ಮುಟ್ಟುಗೋಲಿನ ತೀರ್ಪು ಕೊಟ್ಟಿತು. ಹರಾಜು ಆದದ್ದು ಹಾಗೆ.

ಕೊಂಡ ಮೇಲೆ ಮೊದಲ ಕೆಲಸ ನಾತ ಹೋಗಿಸುವುದು. ಗಂಧಕ, ಡಾಂಬರು, ವಿನಿಗರ್ ಹಾಕಿ ಹೊಗೆ ಕೊಟ್ಟರಂತೆ. ಆದರೂ ಬಂದರಿನ ಜನರ ಬಾಯಲ್ಲಿ ಅದು ‘ಬ್ಲ್ಯಾಕ್ ಜೋಕ್’ ಆಗಿಯೇ ಉಳಿಯಿತು. ಗುಲಾಮರನ್ನು ಸಾಗಿಸುವ ಹಡಗಿಗೆ ಅಂಥ ಹೆಸರು ಯಾರಿಗೆ ತಮಾಷೆ ಅನ್ನಿಸಿತೋ!

ಕಾಲಿನ್ಸ್ ಸ್ವಂತ ಊರು ಲಿವರ್‌ಪೂಲ್. ಇಂಗ್ಲೆಂಡಿನದಲ್ಲ, ಹ್ಯಾಲಿಫ್ಯಾಕ್ಸ್ ಕೂಡ ಸೇರಿದ್ದ ಬ್ರಿಟಿಷ್ ವಸಾಹತು ನೋವಾ ಸ್ಕೋಶಿಯಾದ್ದು. ಮರ್ಸಿ ನದಿಯ ಅಳಿವೆಯ ಪಕ್ಕದ ಊರು. ಇಂಗ್ಲೆಂಡಿನ ಲಿವರ್‌ಪೂಲಿನ ನದಿಗೂ ಅದೇ ಹೆಸರು, ವಲಸೆ ಬಂದವರು ಹೆಸರಿಡುವಾಗ ಹೆಚ್ಚು ಯೋಚಿಸಿಲ್ಲ. ಹೊಸ ಹಡಗನ್ನು ಲಿವರ್‌ಪೂಲ್ ಮತ್ತು ಹ್ಯಾಲಿಫ್ಯಾಕ್ಸ್ ನಡುವೆ ಟಪಾಲು, ಪ್ರಯಾಣಿಕರು ಮತ್ತು ಚಿಲ್ಲರೆ ಸರಕು ಸಾಗಿಸಲು ಬಿಟ್ಟರು. ಅಂಥ ಹಡಗಿಗೆ ಪ್ಯಾಕೆಟ್ ಅನ್ನುತ್ತಿದ್ದರು. ಲಿವರ್‌ಪೂಲ್ ಪ್ಯಾಕೆಟ್ ಅಂದರೆ ಇಷ್ಟೇ, ನಮ್ಮ ಕಡೆ ‘ಕುಂದಾಪುರ ಬಸ್ಸು’ ಅಂದ ಹಾಗೆ.

ಸನ್ನದು ಇದ್ದವ, ಇಲ್ಲದವ

1812ರ ಜೂನ್ 18ರಂದು ಅಮೆರಿಕ ಬ್ರಿಟನ್ನಿನ ಮೇಲೆ ಯುದ್ಧ ಸಾರಿತು. ಟಪಾಲು ಹಡಗಿನ ನಸೀಬು ಬದಲಾಯಿತು.

ಇಲ್ಲಿ ಒಂದು ಶಬ್ದದ ಪಂಚಾಯಿತಿ ಮುಗಿಸಿಕೊಳ್ಳಬೇಕು. ಪ್ರೈವೇಟಿಯರ್ ಅನ್ನುವುದಕ್ಕೆ ಕನ್ನಡದಲ್ಲಿ ಹಲವರು ‘ಕಡಲ್ಗಳ್ಳ’ ಅಂತ ಬರೆದು ಕೈ ತೊಳೆದುಕೊಳ್ಳುತ್ತಾರೆ. ಇದು ಸರಿಯಲ್ಲ. ಖಾಸಗಿ ಮಾಲೀಕರು ತಮ್ಮ ಖರ್ಚಿನಲ್ಲಿ ಹಡಗಿಗೆ ತೋಪು ಹಾಕಿಸಿ, ಜನ ಸೇರಿಸಿ, ಸರ್ಕಾರದಿಂದ ‘ಲೆಟರ್ ಆಫ್ ಮಾರ್ಕ್’ ಎಂಬ ಪತ್ರ ಪಡೆದು, ಶತ್ರು ದೇಶದ ವ್ಯಾಪಾರಿ ಹಡಗುಗಳನ್ನು ಹಿಡಿಯುವುದು ಪ್ರೈವೇಟಿಯರ್ ಕೆಲಸ. ಆ ಪತ್ರಕ್ಕೆ ಸನ್ನದು ಅನ್ನೋಣ, ಹಳೆಯ ದಫ್ತರದ ಆ ಮಾತು ಚೆನ್ನಾಗಿ ಹೊಂದುತ್ತದೆ. ಸನ್ನದು ಸುಮ್ಮನೆ ಸಿಗುತ್ತಿರಲಿಲ್ಲ. ಕಾನೂನು ಮೀರುವುದಿಲ್ಲವೆಂದು ಮುಚ್ಚಳಿಕೆ ಬರೆದು ಜಾಮೀನು ಕೊಡಬೇಕು. ಹಿಡಿದ ಹಡಗನ್ನು ಅಲ್ಲೇ ಲೂಟಿ ಮಾಡುವಂತಿಲ್ಲ, ಸರಕು ಮುಟ್ಟದೆ ಬಂದರಿಗೆ ತಂದು ಕೋರ್ಟಿನ ಮುಂದೆ ನಿಲ್ಲಿಸಬೇಕು. ಹಿಡಿದದ್ದು ಸರಿ ಎಂದು ಕೋರ್ಟ್ ಹೇಳಿದ ಮೇಲೆಯೇ ಹರಾಜು, ಆಮೇಲೆ ಹಂಚಿಕೆ. ವಾಡಿಕೆಯ ಪ್ರಕಾರ ಸುಮಾರು ಅರ್ಧ ಮಾಲೀಕರಿಗೆ, ಉಳಿದರ್ಧ ಕಪ್ತಾನನಿಂದ ಹಿಡಿದು ಅಡುಗೆಯವನ ತನಕ ಪಾಲಿನ ಲೆಕ್ಕದಲ್ಲಿ. ಖಲಾಸಿಗಳಿಗೆ ಸಂಬಳ ಇಲ್ಲ, ಬೇಟೆ ಸಿಕ್ಕರೆ ಪಾಲು. ಸನ್ನದಿಲ್ಲದೆ ಇದೇ ಕೆಲಸ ಮಾಡಿದರೆ ನೇಣು. ಎರಡರ ನಡುವೆ ಇದ್ದದ್ದು ಒಂದು ಹಾಳೆ ಕಾಗದ.

ಆ ಹಾಳೆಯೂ ಕಾಲಿನ್ಸ್‌ಗೆ ಬೇಗ ಪೂರ್ತಿಯಾಗಿ ಸಿಗಲಿಲ್ಲ. ಅಮೆರಿಕ ಸಿಟ್ಟಾಗಿದ್ದ ವ್ಯಾಪಾರ ನಿರ್ಬಂಧಗಳನ್ನು ಲಂಡನ್ ಸರ್ಕಾರ ಯುದ್ಧ ಸಾರಿದ ಕೆಲವೇ ದಿನಗಳಲ್ಲಿ ಹಿಂದಕ್ಕೆ ಪಡೆದಿತ್ತು, ಯುದ್ಧದ ಸುದ್ದಿ ಇನ್ನೂ ಅಲ್ಲಿಗೆ ಮುಟ್ಟಿರಲಿಲ್ಲ. ಜಗಳ ತಣ್ಣಗಾದೀತು ಅಂತ ಅಧಿಕಾರಿಗಳು ಕಾದರು. ಅಮೆರಿಕದ ಹಡಗುಗಳ ಮೇಲೆ ಸಾರಾಸಗಟು ಪ್ರತೀಕಾರಕ್ಕೆ ಅನುಮತಿ ಕೊಡುವ ಆದೇಶ ಲಂಡನ್ನಿನಲ್ಲಿ ಹೊರಟದ್ದು 1812ರ ಅಕ್ಟೋಬರ್ 13ಕ್ಕೆ. ಪ್ಯಾಕೆಟ್ ಅದಕ್ಕೂ ಮೊದಲೇ ಕಡಲಿಗಿಳಿದಿತ್ತು. ನಿಜವಾದ ಸುಗ್ಗಿ ಶುರುವಾದದ್ದು ಜೋಸೆಫ್ ಬಾರ್ಸ್ ಕಪ್ತಾನನಾದ ಮೇಲೆ.

ಕೇಪ್ ಕಾಡ್ ಹತ್ತಿರ ಕಾಯುವವನು

ಬಾರ್ಸ್ 1776ರಲ್ಲಿ ಲಿವರ್‌ಪೂಲಿನಲ್ಲೇ ಹುಟ್ಟಿದವನು. ಆ ಊರನ್ನು ಕಟ್ಟಿದವರು 1759ರ ನಂತರ ಮೆಸಾಚುಸೆಟ್ಸ್ ಕಡೆಯಿಂದ ಬಂದ ಮೀನುಗಾರ, ರೈತ ಕುಟುಂಬಗಳು. ಹಾಗಾಗಿ ಎದುರಿನ ಕರಾವಳಿ ಅವರಿಗೆ ಪರದೇಶವಲ್ಲ, ಅಜ್ಜಿಯ ಮನೆ. ಯಾವ ಅಳಿವೆಯ ಬಾಯಲ್ಲಿ ಮರಳದಿಬ್ಬ ಇದೆ, ಯಾವ ಗಾಳಿಗೆ ಯಾವ ಕೊಲ್ಲಿ ಮರೆ ಕೊಡುತ್ತದೆ ಎಂಬುದು ತಲೆಮಾರಿನಿಂದ ಗೊತ್ತು. ಈಗ ಆ ತಿಳಿವಳಿಕೆ ನೆಂಟರ ಹಡಗುಗಳನ್ನೇ ಹಿಡಿಯುವ ಬಂಡವಾಳವಾಯಿತು.

ಮೆಸಾಚುಸೆಟ್ಸ್ ನಕ್ಷೆ ನೋಡಿದವರಿಗೆ ಕೇಪ್ ಕಾಡ್ ನೆನಪಿರುತ್ತದೆ, ತೋಳು ಮಡಚಿ ಮುಷ್ಟಿ ಎತ್ತಿದ ಹಾಗೆ ಕಡಲಿಗೆ ಚಾಚಿದ ನೆಲ. ಬೋಸ್ಟನ್‌ಗೂ ನ್ಯೂಯಾರ್ಕಿಗೂ ನಡುವೆ ಓಡಾಡುವ ಕರಾವಳಿ ಹಡಗುಗಳೆಲ್ಲ ಈ ತೋಳನ್ನು ಸುತ್ತಿಕೊಂಡೇ ಹೋಗಬೇಕು. ಹಿಟ್ಟು, ಜೋಳ, ಹತ್ತಿ, ಮೀನು, ಸೌದೆ ತುಂಬಿದ, ತೋಪಿಲ್ಲದ ಹಡಗುಗಳು. ಬಾರ್ಸ್ ಅಲ್ಲಿ ಕಾದು ಕೂತ. ಸಂತೆಗೆ ಹೋಗುವ ದಾರಿಯಲ್ಲಿ ಸುಂಕದ ಕಟ್ಟೆ ಹಾಕಿದ ಹಾಗೆ. ಅವನ ಹತ್ತಿರ ಇದ್ದದ್ದು ಐದು ತೋಪು, ನಲವತ್ತೈದು ಜನ. ಬಹುಪಾಲು ಸಲ ತೋಪು ಹಾರಿಸುವ ಪ್ರಮೇಯವೇ ಬರುತ್ತಿರಲಿಲ್ಲ, ತೋರಿಸಿದರೆ ಸಾಕಿತ್ತು.

53 ಅಡಿಯಲ್ಲಿ ನಲವತ್ತೈದು ಜನ ಯಾಕೆ ಅಂತ ಕೇಳಬಹುದು. ಹಡಗು ನಡೆಸಲು ಎಂಟು ಹತ್ತು ಜನ ಸಾಕು. ಮಿಕ್ಕವರೆಲ್ಲ ಹಿಡಿದ ಹಡಗುಗಳನ್ನು ಮನೆಗೆ ಒಯ್ಯುವವರು. ಪ್ರತಿ ಸೆರೆಹಡಗಿಗೆ ನಾಲ್ಕೈದು ಜನರನ್ನು ಹತ್ತಿಸಿ, ಒಬ್ಬನ ಕೈಗೆ ಚುಕ್ಕಾಣಿ ಕೊಟ್ಟು ಲಿವರ್‌ಪೂಲಿಗೋ ಹ್ಯಾಲಿಫ್ಯಾಕ್ಸಿಗೋ ಕಳಿಸಬೇಕು. ಲೆಕ್ಕ ಹಾಕಿ ನೋಡಿ, ಎಂಟು ಹಡಗು ಹಿಡಿಯುವಷ್ಟರಲ್ಲಿ ಸ್ವಂತ ಹಡಗು ಬರಿದಾಗಿರುತ್ತದೆ. ಆಗ ಬೇಟೆ ಬಿಟ್ಟು ಮನೆ ಕಡೆ ತಿರುಗಲೇಬೇಕು. ಹೆಚ್ಚು ಗೆದ್ದಷ್ಟೂ ಹೆಚ್ಚು ಬಡಕಲಾಗುವ ವಿಚಿತ್ರ ದಂಧೆ ಇದು. ಈ ಲೆಕ್ಕವನ್ನು ಮುಂದಿನ ಜೂನ್ ತನಕ ನೆನಪಿಟ್ಟುಕೊಂಡಿರಿ.

ದಾರಿಯಲ್ಲಿ ಹೋಗುವ ಹಡಗನ್ನು ನಿಲ್ಲಿಸಿದ ಮೇಲೆ ಆಗುವುದೂ ಹೊಡೆದಾಟವಲ್ಲ, ಕಾಗದ ಓದುವ ಕೆಲಸ. ದೋಣಿಯಲ್ಲಿ ಹೋಗಿ ಹತ್ತಿದವನು ಮೊದಲು ಕೇಳುವುದು ಹಡಗಿನ ನೋಂದಣಿ, ಸರಕಿನ ಪಟ್ಟಿ, ಮಾಲೀಕರ ಪತ್ರ. ಈ ಯುದ್ಧದಲ್ಲಿ ಇದು ಇನ್ನೂ ಕಗ್ಗಂಟಾಗಿತ್ತು. ಸ್ಪೇನ್ ಮತ್ತು ಪೋರ್ಚುಗಲ್‌ನಲ್ಲಿ ನೆಪೋಲಿಯನ್ ವಿರುದ್ಧ ಹೋರಾಡುತ್ತಿದ್ದ ಬ್ರಿಟಿಷ್ ಸೇನೆಗೆ ಅಮೆರಿಕದ ಹಿಟ್ಟೇ ಬೇಕಿತ್ತು. ಆ ಹಿಟ್ಟು ಸಾಗಿಸುವ ಅಮೆರಿಕದ ಹಡಗುಗಳಿಗೆ ಬ್ರಿಟಿಷ್ ಅಧಿಕಾರಿಗಳೇ ಲೈಸೆನ್ಸ್ ಕೊಟ್ಟಿದ್ದರು. ಹ್ಯಾಲಿಫ್ಯಾಕ್ಸಿನ ಅಡ್ಮಿರಲ್ ಸಹಿ ಮಾಡಿದ ಲೈಸೆನ್ಸ್ ಬೋಸ್ಟನ್ ವ್ಯಾಪಾರಿಯ ಪೆಟ್ಟಿಗೆಯಲ್ಲಿ ಇರುತ್ತಿತ್ತು. ಶತ್ರುವಿನ ಹಡಗು, ಶತ್ರುವಿನ ಸರಕು, ಆದರೂ ಮುಟ್ಟಿದರೆ ಕೋರ್ಟಿನಲ್ಲಿ ಹಿಡಿದವನಿಗೇ ದಂಡ ಬೀಳಬಹುದು! ಕಪ್ತಾನನಿಗೆ ಕಡಲಿನ ಜೊತೆ ಕಾನೂನಿನ ಅಕ್ಷರವೂ ಗೊತ್ತಿರಬೇಕಿತ್ತು.

ಕೋರ್ಟ್ ಅಂದೆ. ಅಲ್ಲಿ ಕೂತಿದ್ದವರು ನ್ಯಾಯಾಧೀಶ ಅಲೆಕ್ಸಾಂಡರ್ ಕ್ರೋಕ್. ಪ್ಯಾಕೆಟ್‌ಗೆ ನೇರ ಸಂಬಂಧವಿಲ್ಲದಿದ್ದರೂ ಅವರ ಒಂದು ತೀರ್ಪನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಮಾರ್ಕ್ವಿಸ್ ಡಿ ಸೊಮೆರುಯೆಲೆಸ್ ಎಂಬ ಹಡಗು ಇಟಲಿಯಿಂದ ಅಮೆರಿಕಕ್ಕೆ ಹೋಗುವಾಗ ಸೆರೆಸಿಕ್ಕಿತು. ಸರಕಿನಲ್ಲಿ ಫಿಲಡೆಲ್ಫಿಯಾದ ಕಲಾ ಅಕಾಡೆಮಿಗೆಂದು ಹೊರಟ ವರ್ಣಚಿತ್ರಗಳೂ ಮುದ್ರಿತ ಚಿತ್ರಗಳೂ ಇದ್ದವು. ಕಲೆ ಮತ್ತು ವಿದ್ಯೆ ಒಂದು ದೇಶದ ಸ್ವತ್ತಲ್ಲ, ಯುದ್ಧದ ಕಾನೂನು ಅವನ್ನು ಮುಟ್ಟಬಾರದು ಎಂದು ಕ್ರೋಕ್ ಅವನ್ನು ಬಿಡಿಸಿ ಕಳಿಸಿದರು. ಕಡಲಲ್ಲಿ ಹಿಡಿದದ್ದೆಲ್ಲ ಹಿಡಿದವನ ಪಾಲಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಪ್ಯಾಕೆಟ್ ಕಳಿಸಿದ್ದು ಚಿತ್ರಗಳನ್ನಲ್ಲ, ಮೀನು ಮತ್ತು ಹಿಟ್ಟು. ಅದು ಸಾಲುಸಾಲಾಗಿ ಬಂದು ಬಂದರಿನಲ್ಲಿ ನಿಂತಿತು. 1812ರ ಕೊನೆಯ ಹೊತ್ತಿಗೆ ಬೋಸ್ಟನ್ನಿನ ಪತ್ರಿಕೆಗಳು ಕೂಗಾಡತೊಡಗಿದ್ದವು. ಮೂವತ್ತೈದು ಟನ್ನಿನ ಯಃಕಶ್ಚಿತ್ ಮೀನುದೋಣಿಯೊಂದು ನಮ್ಮ ಬಂದರಿನ ಬಾಗಿಲಿಗೇ ಬಂದು ಇಪ್ಪತ್ತು ದಿನದಲ್ಲಿ ಎಂಟೊಂಬತ್ತು ಹಡಗು ಹೊಡೆದುಕೊಂಡು ಹೋಗುವುದೆಂದರೇನು ಅಂತ ಒಂದು ಪತ್ರಿಕೆ ಬರೆಯಿತು. ಹಡಗಿನ ನಿಜವಾದ ಟನ್ ಲೆಕ್ಕದಲ್ಲಿ ಅರ್ಧವನ್ನು ಸಂಪಾದಕರು ಸಿಟ್ಟಿನಲ್ಲೇ ಕಳೆದುಬಿಟ್ಟಿದ್ದರು. ಕೇಪ್ ಕಾಡ್‌ನ ಕತ್ತು ಸೀಳಿ ಕಾಲುವೆ ತೋಡಿದರೆ ಈ ಕಾಟ ತಪ್ಪುತ್ತದೆ ಎಂಬ ಹಳೆಯ ಮಾತು ಮತ್ತೆ ಮೇಲೆ ಬಂತು. ಅದಕ್ಕಾಗಿ 1776ರಲ್ಲೇ ಜಾರ್ಜ್ ವಾಷಿಂಗ್ಟನ್ ಸರ್ವೆ ಮಾಡಿಸಿದ್ದರು. ಕಾಲುವೆ ತೆರೆದದ್ದು 1914ರಲ್ಲಿ. ಇಂಥ ಕಾಮಗಾರಿ ಎಲ್ಲ ಕಡೆಯೂ ಒಂದೇ.

ಬಾರ್ಸ್ ಕೈಕೆಳಗೆ ವರ್ಷ ತುಂಬುವ ಮೊದಲೇ ಕಡಿಮೆಯೆಂದರೂ ಮೂವತ್ತಮೂರು ಹಡಗುಗಳು ಸಿಕ್ಕಿದ್ದವು.

ಜೂನ್ 11

1813ರ ಜೂನ್ 11ರಂದು ಲೆಕ್ಕ ತಲೆಕೆಳಗಾಯಿತು. ನ್ಯೂ ಹ್ಯಾಂಪ್‌ಶೈರಿನ ಪೋರ್ಟ್ಸ್‌ಮತ್ ಊರಿನ ಥಾಮಸ್ ಎಂಬ ಪ್ರೈವೇಟಿಯರ್ ಎದುರಾಯಿತು. ಪ್ಯಾಕೆಟ್‌ಗಿಂತ ದೊಡ್ಡ ಹಡಗು, ತೋಪು ಹೆಚ್ಚು, ಜನವೂ ಹೆಚ್ಚು. ಬಾರ್ಸ್ ಓಡಿದ. ಗಂಟೆಗಟ್ಟಲೆ ಬೆನ್ನಟ್ಟಿದ ಮೇಲೆ ಥಾಮಸ್ ತೋಪಿನ ಅಳತೆಗೆ ಬಂತು, ಬಾರ್ಸ್ ಬಾವುಟ ಇಳಿಸಿದ. ಬಾವುಟ ಇಳಿದರೆ ಜಗಳ ಮುಗಿದಂತೆ, ಅದು ನಿಯಮ. ಆದರೆ ಎರಡು ಹಡಗುಗಳು ಒಂದಕ್ಕೊಂದು ತಾಗಿ ನಿಂತಾಗ ಗೊಂದಲವಾಗಿ ಕೈಕೈ ಮಿಲಾಯಿಸಿತು, ಹೆಣವೂ ಬಿತ್ತು. ಇಂಥ ಹೊತ್ತಿನಲ್ಲಿ ಯಾರು ಮೊದಲು ಕೈ ಎತ್ತಿದರು ಅಂತ ಎರಡೂ ಕಡೆಯವರು ಎರಡು ಥರ ಹೇಳುವುದು ಇದ್ದದ್ದೇ.

ಪೋರ್ಟ್ಸ್‌ಮತ್ ಬೀದಿಯಲ್ಲಿ ಬಾರ್ಸ್ ಮತ್ತು ಅವನ ಜನರನ್ನು ನಡೆಸಿಕೊಂಡು ಹೋದಾಗ ಜನ ಸೇರಿ ಬೈದರು. ಬೈದವರ ಪೈಕಿ ಹಡಗು ಕಳೆದುಕೊಂಡವರು ಎಷ್ಟು ಜನರೋ. ಬಾರ್ಸ್‌ನ ಕಾಲಿಗೆ ಬೇಡಿ ಹಾಕಿದರು, ಊಟಕ್ಕೆ ಕಲ್ಲಿನಂಥ ಒಣ ಬಿಸ್ಕತ್ತು ಮತ್ತು ನೀರು. ಯುದ್ಧಕೈದಿಯಾದ ಕಪ್ತಾನನಿಗೆ ಸಾಮಾನ್ಯವಾಗಿ ಸಿಗುತ್ತಿದ್ದ ಮರ್ಯಾದೆ ಇದಲ್ಲ. ಕೆಲವು ತಿಂಗಳ ಮೇಲೆ ಪೆರೋಲಿನ ಮೇಲೆ ಬಿಟ್ಟರು.

ಪೆರೋಲ್ ಎಂಬುದು ಆಗ ಮಾತು ಕೊಟ್ಟು ಹೊರಬರುವುದು, ಮತ್ತೆ ನಿಮ್ಮ ವಿರುದ್ಧ ಆಯುಧ ಹಿಡಿಯುವುದಿಲ್ಲ ಎಂದು ಸಹಿ ಹಾಕುವುದು. ಇದೂ ಒಂದು ಕಾಗದವೇ. ಅದನ್ನು ಮುರಿದವನ ಕಥೆ ಪ್ಯಾಕೆಟ್‌ನ ಹೊಸ ಹೆಸರಿನಲ್ಲಿ ಅಡಗಿದೆ.

ಅಮೆರಿಕದವರು ಪ್ಯಾಕೆಟ್‌ಗೆ ಮರುನಾಮಕರಣ ಮಾಡಿದರು, ‘ಯಂಗ್ ಟೀಜರ್ಸ್ ಘೋಸ್ಟ್’, ಅಂದರೆ ಯಂಗ್ ಟೀಜರ್‌ನ ದೆವ್ವ. ಟೀಜರ್ ಎಂಬ ಅಮೆರಿಕದ ಪ್ರೈವೇಟಿಯರನ್ನು ಬ್ರಿಟಿಷರು 1812ರ ಕೊನೆಯಲ್ಲಿ ಹಿಡಿದು ಸುಟ್ಟಿದ್ದರು. ಅದರಲ್ಲಿದ್ದ ಫ್ರೆಡರಿಕ್ ಜಾನ್ಸನ್ ಎಂಬ ಅಧಿಕಾರಿ ಪೆರೋಲಿನ ಮೇಲೆ ಹೊರಬಂದು, ಕೊಟ್ಟ ಮಾತು ಮರೆತು, ಯಂಗ್ ಟೀಜರ್ ಎಂಬ ಹೊಸ ಹಡಗು ಹತ್ತಿದ. 1813ರ ಜೂನ್ 27ರ ಸಂಜೆ, ಬಾರ್ಸ್ ಸೆರೆಸಿಕ್ಕ ಹದಿನಾರು ದಿನಕ್ಕೆ, ಬ್ರಿಟಿಷ್ ಯುದ್ಧನೌಕೆಗಳು ಯಂಗ್ ಟೀಜರನ್ನು ನೋವಾ ಸ್ಕೋಶಿಯಾದ ಮಹೋನ್ ಬೇ ಒಳಗೆ ಅಟ್ಟಿ ದಾರಿ ಕಟ್ಟಿದವು. ಸಿಕ್ಕಿದರೆ ಉಳಿದವರಿಗೆ ಜೈಲು, ಜಾನ್ಸನ್‌ಗೆ ಮಾತ್ರ ನೇಣು. ಅವನು ಮದ್ದಿನ ಕೋಣೆಗೆ ಬೆಂಕಿ ಒಯ್ದ ಎನ್ನುತ್ತಾರೆ. ಹಡಗು ಸಿಡಿದು ಹೋಯಿತು. ಬದುಕಿದವರು ಎಂಟು ಮಂದಿ. ಮಹೋನ್ ಬೇ ಕಡೆ ಈಗಲೂ ಕೆಲವು ರಾತ್ರಿ ಕಡಲ ಮೇಲೆ ಉರಿಯುವ ಹಡಗು ಕಾಣುತ್ತದೆ ಎಂಬ ನಂಬಿಕೆ ಇದೆ.

ಹೀಗೆ ಸತ್ತ ಹಡಗಿನ ದೆವ್ವವಾಗಿ ಪ್ಯಾಕೆಟ್ ಕಡಲಿಗಿಳಿಯಿತು. ಈ ಸಲ ಅಮೆರಿಕದ ಅಧ್ಯಕ್ಷ ಮ್ಯಾಡಿಸನ್ ಸರ್ಕಾರದ ಸನ್ನದು ಹಿಡಿದು, ತನ್ನ ಹಳೆಯ ಮಾಲೀಕರ ದೇಶದ ಹಡಗುಗಳನ್ನೇ ಹುಡುಕುತ್ತಾ. ಆದರೆ ಏನೂ ಗಿಟ್ಟಲಿಲ್ಲ. ಹೆಸರು ಅಪಶಕುನ ಅನ್ನಿಸಿತೋ ಏನೋ, ಪೋರ್ಟ್ಸ್‌ಮತ್ ಅಂತ ಬದಲಾಯಿಸಿದರು. ಆಗಲೂ ಬೇಟೆ ಆಗಲಿಲ್ಲ. ಇದನ್ನು ಬಾರ್ಸ್‌ನ ಚಾಕಚಕ್ಯತೆಗೆ ಸಾಕ್ಷಿ ಅಂತ ಹೇಳುವವರಿದ್ದಾರೆ. ನನಗೆ ಅಷ್ಟು ಸುಲಭ ಅನ್ನಿಸುವುದಿಲ್ಲ. ಬಾರ್ಸ್ ಹಿಡಿದ ಅಮೆರಿಕದ ಕರಾವಳಿ ಹಡಗುಗಳಿಗೆ ಕಾವಲೇ ಇರಲಿಲ್ಲ. ಬ್ರಿಟಿಷ್ ವ್ಯಾಪಾರಿ ಹಡಗುಗಳು ಗುಂಪುಗುಂಪಾಗಿ ಯುದ್ಧನೌಕೆಯ ಬೆಂಗಾವಲಲ್ಲಿ ಹೋಗುತ್ತಿದ್ದವು, ಮೇಲಾಗಿ 1813ರ ಹೊತ್ತಿಗೆ ಆ ಕಡಲು ಬ್ರಿಟಿಷ್ ನೌಕಾಪಡೆಯಿಂದ ಕಿಕ್ಕಿರಿದಿತ್ತು. ಅದೇ ಹಡಗಿಗೆ ಬೇರೆ ಬಾವುಟದ ಕೆಳಗೆ ಬೇರೆಯದೇ ಕಡಲು ಸಿಕ್ಕಿತು.

1813ರ ಅಕ್ಟೋಬರಿನಲ್ಲಿ ಬ್ರಿಟಿಷ್ ನೌಕಾಪಡೆಯ ಫ್ಯಾಂಟಮ್ ಅದನ್ನು ಹಿಡಿಯಿತು. ದೆವ್ವವನ್ನು ಹಿಡಿದ ಹಡಗಿನ ಹೆಸರೂ ಫ್ರೆಂಚಿನಲ್ಲಿ ದೆವ್ವ ಎಂದೇ. ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ. ಆ ಫ್ಯಾಂಟಮ್ ಕೂಡ ಮೂಲದಲ್ಲಿ ಫ್ರೆಂಚ್ ಪ್ರೈವೇಟಿಯರ್, ಬ್ರಿಟಿಷರು 1810ರಲ್ಲಿ ಹಿಡಿದು ತಮ್ಮ ನೌಕಾಪಡೆಗೆ ಸೇರಿಸಿಕೊಂಡದ್ದು.

ನನ್ನ ಹಡಗು ನನಗೆ ಯಾಕೆ ಬರಲಿಲ್ಲ

ಈಗ ಮೊದಲಿನ ಪ್ರಶ್ನೆ. ಹ್ಯಾಲಿಫ್ಯಾಕ್ಸಿನ ಹಡಗು ಹ್ಯಾಲಿಫ್ಯಾಕ್ಸಿಗೆ ವಾಪಸು ಬಂತು. ಮಾಲೀಕ ಧಕ್ಕೆಯ ಮೇಲೇ ಇದ್ದಾನೆ. ಒಯ್ಯಪ್ಪಾ ಅಂತ ಕೊಟ್ಟರೆ ಆಗುತ್ತಿರಲಿಲ್ಲವೇ?

ಬ್ರಿಟಿಷ್ ಕಾನೂನಿನಲ್ಲಿ ಹಾಗೆ ಕೊಡುವ ಪದ್ಧತಿ ಇತ್ತು. ಶತ್ರು ಹಿಡಿದ ಬ್ರಿಟಿಷ್ ಪ್ರಜೆಯ ಹಡಗನ್ನು ಮತ್ತೆ ಬಿಡಿಸಿ ತಂದರೆ ಅದು ಮೂಲ ಮಾಲೀಕನಿಗೇ ಸೇರಬೇಕು. ಬಿಡಿಸಿದವನ ಶ್ರಮಕ್ಕೆ ಮಾಲೀಕ ಒಂದು ಪಾಲು ಕೊಡಬೇಕು, ಬಿಡಿಸಿದ್ದು ನೌಕಾಪಡೆಯಾದರೆ ಬೆಲೆಯ ಎಂಟನೇ ಒಂದು, ಪ್ರೈವೇಟಿಯರ್ ಆದರೆ ಆರನೇ ಒಂದು. ಈ ಕೂಲಿಗೆ ಸಾಲ್ವೇಜ್ ಎನ್ನುತ್ತಿದ್ದರು. ಪ್ರೈವೇಟಿಯರ್‌ಗೆ ಹೆಚ್ಚು ಯಾಕೆಂದರೆ ಅವನಿಗೆ ಸರ್ಕಾರದ ಸಂಬಳ ಇಲ್ಲ.

ಆದರೆ ಇದಕ್ಕೊಂದು ಅಪವಾದ. ಶತ್ರು ಆ ಹಡಗನ್ನು ತನ್ನ ಕೈಯಲ್ಲಿ ಇಟ್ಟುಕೊಂಡಿದ್ದಾಗ ಯುದ್ಧದ ಹಡಗಾಗಿ ಸಜ್ಜು ಮಾಡಿ ಹೊರಗೆ ಬಿಟ್ಟಿದ್ದರೆ, ಹಳೆಯ ಮಾಲೀಕನ ಹಕ್ಕು ಅಲ್ಲಿಗೆ ಸತ್ತ ಹಾಗೆ. ಅದನ್ನು ಹಿಡಿದದ್ದು ಬಿಡಿಸಿದ್ದು ಅಂತ ಆಗುವುದಿಲ್ಲ, ಶತ್ರುವಿನ ಯುದ್ಧನೌಕೆಯನ್ನು ಗೆದ್ದದ್ದು ಅಂತ ಆಗುತ್ತದೆ. ಪೂರ್ತಿ ಬೆಲೆ ಗೆದ್ದವರಿಗೆ. ಇದರ ಹಿಂದೆ ತರ್ಕ ಇಲ್ಲದಿಲ್ಲ. ಸುಮ್ಮನೆ ಸರಕು ಹೊತ್ತು ನಿಂತ ಹಡಗನ್ನು ಬಿಡಿಸುವುದು ಬೇರೆ, ತೋಪು ತಿರುಗಿಸಿ ನಿಂತ ಹಡಗಿಗೆ ಎದೆಕೊಟ್ಟು ಹಿಡಿಯುವುದು ಬೇರೆ. ಎರಡನೆಯದಕ್ಕೆ ನಾವಿಕರಿಗೆ ಹುಮ್ಮಸ್ಸು ಬರಬೇಕಾದರೆ ಎಂಟನೇ ಒಂದು ಪಾಲು ಸಾಲದು.

ಅಂದರೆ ಅಮೆರಿಕದವರು ಪ್ಯಾಕೆಟನ್ನು ಹಿಡಿದು ಹಾಗೇ ಕಟ್ಟಿಹಾಕಿದ್ದರೆ, ಇಲ್ಲವೇ ಮೀನು ಸಾಗಿಸಲು ಬಳಸಿದ್ದರೆ, ಕಾಲಿನ್ಸ್‌ಗೆ ಎಂಟನೇ ಒಂದರ ಖರ್ಚಿನಲ್ಲಿ ಹಡಗು ವಾಪಸು ಸಿಗುತ್ತಿತ್ತು. ಅವರು ಅದಕ್ಕೆ ಪ್ರೈವೇಟಿಯರ್ ಸನ್ನದು ಕೊಟ್ಟರು. ಒಂದೂ ಬೇಟೆ ಮಾಡದೆ ಊರೂರು ಅಲೆದ ಆ ದೆವ್ವದ ಹಡಗು, ಜೇಬಿನಲ್ಲಿ ಸನ್ನದಿತ್ತು ಎಂಬ ಒಂದೇ ಕಾರಣಕ್ಕೆ ಶತ್ರುವಿನ ಯುದ್ಧನೌಕೆಯಾಯಿತು. ಮತ್ತೆ ಮುಟ್ಟುಗೋಲು, ಮತ್ತೆ ಮಾರಾಟ. ಕಾಲಿನ್ಸ್ ಮತ್ತೆ ಕೊಂಡ, ಹಳೆಯ ಹೆಸರನ್ನೇ ಇಟ್ಟ.

ಇದರಲ್ಲಿ ಅವನಿಗೆ ಅನ್ಯಾಯವಾಯಿತು ಅಂತ ಮರುಗಬೇಕಾಗಿಲ್ಲ. ಮೊದಲ ಸಲ ಅದೇ ಕೋರ್ಟಿನ ಅದೇ ಬಗೆಯ ಮೊಹರಿನಿಂದಲೇ ಅವನು ಬೇರೆಯವರ ಹಡಗಿಗೆ ಮಾಲೀಕನಾದದ್ದು. ಬಾರ್ಸ್ ಹಿಡಿದು ತಂದ ಮೂವತ್ತಮೂರು ಹಡಗುಗಳ ಲಾಭವೂ ಅದೇ ಮೊಹರಿನಿಂದ ಬಂದದ್ದು. ಮುಟ್ಟುಗೋಲಾದ ಹಡಗಿನ ಹಿಂದಿನ ಮಾಲೀಕನ ಹಕ್ಕು ಬೇರು ಸಹಿತ ಹೋಗುತ್ತದೆ ಎಂಬ ಭರವಸೆ ಇಲ್ಲದಿದ್ದರೆ ಹರಾಜಿನಲ್ಲಿ ಯಾರು ತಾನೇ ದುಡ್ಡು ಹಾಕುತ್ತಿದ್ದರು?

ಎರಡನೇ ಇನ್ನಿಂಗ್ಸ್

ಹೊಸ ಕಪ್ತಾನ ಕೇಲೆಬ್ ಸೀಲಿ, ನ್ಯೂ ಬ್ರನ್ಸ್‌ವಿಕ್‌ನ ಸೇಂಟ್ ಜಾನ್ ಊರಿನವನು, ಅದಕ್ಕೂ ಮೊದಲು ಸ್ಟಾರ್ ಎಂಬ ಪ್ರೈವೇಟಿಯರ್ ನಡೆಸಿದ್ದವನು. 1814ರಲ್ಲಿ ಅವನು ಹದಿನಾಲ್ಕು ಹಡಗು ಹಿಡಿದ. ಬಾರ್ಸ್‌ಗೆ ಹೋಲಿಸಿದರೆ ಕಡಿಮೆ. ಆದರೆ ಆ ವರ್ಷ ಬ್ರಿಟಿಷ್ ನೌಕಾಪಡೆ ಅಮೆರಿಕದ ಕರಾವಳಿಗೆಲ್ಲ ದಿಗ್ಬಂಧನ ಹಾಕಿದ್ದರಿಂದ ಹಿಡಿಯಲು ಹಡಗುಗಳೇ ಕಡಿಮೆ ಉಳಿದಿದ್ದವು. ಸೀಲಿ ಮುಂದೆ ಕಾಲಿನ್ಸ್‌ನ ತಂಗಿಯನ್ನು ಮದುವೆಯಾಗಿ ಲಿವರ್‌ಪೂಲಿನಲ್ಲೇ ವ್ಯಾಪಾರಿಯಾಗಿ ನೆಲೆನಿಂತ.

ಬಾರ್ಸ್ ಕಥೆಗೆ ಇದಕ್ಕಿಂತ ವಿಚಿತ್ರ ತಿರುವು. ಅವನನ್ನು ಹಿಡಿದ ಥಾಮಸ್ ತಾನೂ ಬ್ರಿಟಿಷರ ಕೈಗೆ ಸಿಕ್ಕಿಬಿತ್ತು. ಅದೂ ಹರಾಜಾಗಿ ಲಿವರ್‌ಪೂಲಿನವರ ಪಾಲಾಗಿ ‘ವುಲ್ವರೀನ್’ ಎಂಬ ಹೆಸರು ಪಡೆಯಿತು. 1814ರಲ್ಲಿ ವೆಸ್ಟ್ ಇಂಡೀಸ್ ಕಡೆಗೆ ವ್ಯಾಪಾರಕ್ಕೆ ಹೊರಟಾಗ ಅದರ ಕಪ್ತಾನ ಜೋಸೆಫ್ ಬಾರ್ಸ್. ಯಾವ ಹಡಗಿನವರ ಎದುರು ತನ್ನ ಬಾವುಟ ಇಳಿಸಿ ನಿಂತಿದ್ದನೋ ಅದೇ ಹಡಗಿನಲ್ಲಿ ಈಗ ಅವನ ಹುಕುಂ ನಡೆಯುತ್ತಿತ್ತು. ಇದು ಅವನಿಗೆ ಸುಖ ಕೊಟ್ಟಿತೋ ಮುಜುಗರವೋ, ನನಗಂತೂ ಊಹಿಸಲು ಇಷ್ಟ. 1817ರ ಸುಮಾರಿಗೆ ಕಡಲು ಬಿಟ್ಟು ಕೆಂಟ್‌ವಿಲ್ ಹತ್ತಿರ ಜಮೀನು ಮಾಡಿಕೊಂಡ. 1824ರಲ್ಲಿ ತೀರಿಕೊಂಡ, ಐವತ್ತೂ ಆಗಿರಲಿಲ್ಲ.

ಒಟ್ಟು ಲೆಕ್ಕದಲ್ಲಿ ಪ್ಯಾಕೆಟ್ ಐವತ್ತು ಹಡಗು ಹಿಡಿಯಿತು ಎನ್ನುತ್ತಾರೆ. ದುಡ್ಡಿನ ಅಂದಾಜು ಮಾತ್ರ 2,64,000 ಡಾಲರಿನಿಂದ ಹಿಡಿದು 10 ಲಕ್ಷ ಡಾಲರ್ ತನಕ ಓಡುತ್ತದೆ. ಇಷ್ಟು ಅಂತರ ಯಾಕೆಂದರೆ ಹಿಡಿದದ್ದು ಒಂದು, ಬಂದರಿಗೆ ಮುಟ್ಟಿದ್ದು ಇನ್ನೊಂದು, ಕೋರ್ಟಿನಲ್ಲಿ ನಿಂತದ್ದು ಮತ್ತೊಂದು. ದಾರಿಯಲ್ಲಿ ಅಮೆರಿಕದವರು ಮರಳಿ ಹಿಡಿದರೆ ಆ ಸೆರೆ ಲೆಕ್ಕದಿಂದ ಜಾರುತ್ತದೆ. ಹರಾಜಿನ ಮೊತ್ತದಲ್ಲೂ ಕೋರ್ಟಿನ ಶುಲ್ಕ, ಸುಂಕ, ವಕೀಲರು, ಧಕ್ಕೆಯ ಬಾಡಿಗೆ ಕಳೆದು ಮಿಕ್ಕದ್ದೇ ಪಾಲು. ಪಾಲಿಗಾಗಿ ಕಾದ ಖಲಾಸಿಗೆ ತೀರ್ಪು ತಡವಾದಷ್ಟೂ ಅಂಗಡಿಯ ಸಾಲ ಬೆಳೆಯುತ್ತಿತ್ತು. ಕಾಯುವ ತ್ರಾಣ ಇದ್ದದ್ದು ಕಾಲಿನ್ಸ್‌ನಂಥವರಿಗೆ.

ಅವನು ಕಾದ, ಬೆಳೆದ. ಸೆರೆಹಡಗುಗಳ ಸರಕನ್ನು ಹ್ಯಾಲಿಫ್ಯಾಕ್ಸ್ ಧಕ್ಕೆಯ ತನ್ನ ಕಲ್ಲಿನ ಗೋದಾಮಿನ ಸುತ್ತಲೇ ವ್ಯಾಪಾರ ಮಾಡಿದ. 1825ರಲ್ಲಿ ಹ್ಯಾಲಿಫ್ಯಾಕ್ಸ್ ಬ್ಯಾಂಕಿಂಗ್ ಕಂಪನಿಯನ್ನು ಕಟ್ಟಿದವರಲ್ಲಿ ಅವನು ಮುಖ್ಯ. ಆ ಬ್ಯಾಂಕು 1903ರಲ್ಲಿ ಕೆನಡಿಯನ್ ಬ್ಯಾಂಕ್ ಆಫ್ ಕಾಮರ್ಸ್‌ನಲ್ಲಿ ಲೀನವಾಯಿತು. 1871ರಲ್ಲಿ ತೊಂಬತ್ತೇಳನೇ ವಯಸ್ಸಿನಲ್ಲಿ ಸತ್ತಾಗ ಕಾಲಿನ್ಸ್ ಆ ಭಾಗದ ಅತಿ ದೊಡ್ಡ ಶ್ರೀಮಂತರಲ್ಲಿ ಒಬ್ಬನೆಂದು ಹೆಸರಾಗಿದ್ದ. ಆ ಹೊತ್ತಿಗೆ ಅವನ ಹಳೆಯ ದಂಧೆಯೇ ಇಲ್ಲವಾಗಿತ್ತು. 1856ರ ಪ್ಯಾರಿಸ್ ಘೋಷಣೆಯಲ್ಲಿ ಯುರೋಪಿನ ಪ್ರಮುಖ ದೇಶಗಳು ಪ್ರೈವೇಟಿಯರ್ ಪದ್ಧತಿಯನ್ನು ರದ್ದು ಮಾಡಿದವು. ಅಮೆರಿಕ ಅದಕ್ಕೆ ಸಹಿ ಹಾಕಲಿಲ್ಲ. ಗೋದಾಮುಗಳ ಆ ಸಾಲು ಈಗ ಪ್ರೈವೇಟಿಯರ್ಸ್ ವಾರ್ಫ್ ಎಂಬ ಹೆಸರಿನಲ್ಲಿ ಪ್ರವಾಸಿಗರನ್ನು ಕರೆಯುತ್ತದೆ, ಸೀಳಿದ ಕಾಗೆಯ ಹೆಸರಿನಲ್ಲೂ ಊರಲ್ಲಿ ಒಂದು ಪಬ್ ಇದೆ.

1814ರ ಡಿಸೆಂಬರ್ 24ರಂದು ಗೆಂಟ್‌ನಲ್ಲಿ ಶಾಂತಿ ಒಪ್ಪಂದವಾದ ಮೇಲೆ ಪ್ಯಾಕೆಟ್‌ಗೆ ಕೆಲಸ ಉಳಿಯಲಿಲ್ಲ. ಚೂಪು ಮೈಯ ಹಡಗಿನಲ್ಲಿ ಸರಕು ಹಿಡಿಯುವುದಿಲ್ಲ, ಟಪಾಲಿಗೆ ಅಷ್ಟು ವೇಗ ಬೇಕಾಗಿಲ್ಲ. ಅದನ್ನು ಜಮೈಕಾದ ಕಿಂಗ್‌ಸ್ಟನ್ನಿನಲ್ಲಿ ಮಾರಿದರು. ಈ ಸಲ ಕಾಲಿನ್ಸ್ ಕೊಳ್ಳುವವರ ಸಾಲಿನಲ್ಲಿ ಇರಲಿಲ್ಲ.